ನಿಧಾನದ ಪೆಟ್ಟಿಗೆ

ಮಾರ್ಚ್ ೪, ಮಂಗಳವಾರ

ಮನೆಯಲ್ಲಿ ಮಾತಿಗೆ ಸಿಗುವವರು ಯಾರೂ ಇಲ್ಲವಾದ್ದರಿಂದ ಇನ್ನು ಮುಂದೆ ಇಲ್ಲಿ ಬರೆದುಕೊಳ್ಳುತ್ತೇನೆ. ಇವರು ಇಲ್ಲವೆಂದಲ್ಲ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಾರೆ, ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಅದನ್ನು ಯಾರೋ ಸ್ವಲ್ಪ ನೋಡಿಕೊಳ್ಳಿ ಅಂತ ಕೊಟ್ಟುಹೋದ ಹಾಗೆ. ಪಾರ್ಶ್ವವಾಯು ಹೊಡೆದು ಮಲಗಿದವರು ಎದ್ದು ಮನೆಗೆ ಬಂದದ್ದೇ ದೊಡ್ಡದು. ಕಾಲು ಸುಧಾರಿಸಿದೆ. ಮಾತು ಮಾತ್ರ ತುಟಿಯ ತನಕ ಬಂದು ನಿಂತುಬಿಡುತ್ತದೆ.

ಇವತ್ತು ಮಾತಿನ ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು ಹೇಳಿದಳು: "ಅಮ್ಮಾ, ಅವರಿಗೆ ಮಾತು ಮರೆತುಹೋಗಿಲ್ಲ. ಹುಡುಕಿ ತರೋಕೆ ಹೊತ್ತು ಹಿಡಿಯುತ್ತೆ ಅಷ್ಟೆ. ನೀವು ಮಧ್ಯೆ ಹೇಳಿಕೊಡಬೇಡಿ. ಅವರು ಪ್ರಯತ್ನ ಮಾಡೋದನ್ನೇ ಬಿಟ್ಟುಬಿಟ್ರೆ ಆಮೇಲೆ ಮಾತು ವಾಪಸ್ ಬರೋದು ಕಷ್ಟ."

ಹೇಳಿಕೊಡಬೇಡಿ ಅಂತೆ! ನಾಟಕದ ಕಂಪನಿಯಲ್ಲಿ ಪರದೆಯ ಮರೆಯಲ್ಲಿ ಕೂತು, ನಟರು ಮರೆತ ಮಾತನ್ನು ಎತ್ತಿಕೊಡುವುದೇ ನನ್ನ ಕಸುಬು. ಅಲ್ಲಿ ಎಲ್ಲರೂ ನನ್ನನ್ನು ಪಿಸುಮಾತಕ್ಕ ಎಂದೇ ಕರೆಯುವುದು. ನಟ ಉಸಿರು ಎಳೆದುಕೊಳ್ಳುವ ರೀತಿಯಲ್ಲೇ ಮಾತು ತಪ್ಪಿದೆ ಎಂದು ನನಗೆ ಗೊತ್ತಾಗುತ್ತದೆ. ಸಭೆಗೆ ತಿಳಿಯುವ ಮೊದಲೇ ಅವನ ಕಿವಿಗೆ ಮಾತು ಬಿದ್ದಾಗಿರುತ್ತದೆ. ಅದೇ ಕಂಪನಿಯಲ್ಲಿ ಇವರು ರಂಗದ ಬಡಗಿ. ಗೋಡೆ, ಮೆಟ್ಟಿಲು, ಅರಮನೆಯ ಬಾಗಿಲು, ಎಲ್ಲ ಇವರ ಕೈಯದು. ಹೊರಗಿನ ಹುಡುಗಿಯೊಬ್ಬಳು ಬಂದು ಇವರ ಮೌನದ ಅರ್ಥವನ್ನು ನನಗೆ ಹೇಳಬೇಕೇ?

ಮಧ್ಯಾಹ್ನ "ಕಿ..." ಅಂದರು. ನಾನು ಹೋಗಿ ಕಿಟಕಿ ಮುಚ್ಚಿದೆ. ತಲೆ ಅಲ್ಲಾಡಿಸಿದರು. "ಕಿವಿ ನೋಯ್ತಿದೆಯಾ? ಕಿರಿಕಿರಿ ಆಗ್ತಿದೆಯಾ? ದಿಂಬು ಸರಿ ಮಾಡ್ಲಾ?" ಎಂದು ಕೇಳುತ್ತಲೇ ಹೋದೆ. ಕಣ್ಣು ಮುಚ್ಚಿಕೊಂಡರು. ಏನು ಬೇಕಾಗಿತ್ತೋ ಏನೋ.

ಮಾರ್ಚ್ ೯, ಭಾನುವಾರ

ನಾದಿನಿ ಬಂದಿದ್ದಳು. ಇವರ ತಂಗಿ, ಹಲ್ಲಿನ ಡಾಕ್ಟರು. ವಯಸ್ಸು ಐವತ್ತರ ಹತ್ತಿರ ಬಂದರೂ ಸಂಜೆಯಾದರೆ ಕಂಪ್ಯೂಟರ್ ಮುಂದೆ ಕೂತು ಮಕ್ಕಳಾಟ ಆಡುತ್ತಾಳೆ. ಘನಾಕಾರದ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಮನೆ, ಸೇತುವೆ, ಊರು ಕಟ್ಟುವ ಆಟ.

"ದಿನವಿಡೀ ಜನರ ಬಾಯೊಳಗೆ ಕೈ ಹಾಕೋಳು ನಾನು, ಅತ್ತಿಗೆ. ಸಂಜೆ ಯಾರೂ ಬಾಯಿ ತೆರೀದಿರೋ ಜಾಗ ಬೇಕು ನನಗೆ," ಅಂದಳು.

ಹಳೆಯ ಲ್ಯಾಪ್‌ಟಾಪ್ ಒಂದನ್ನು ತಂದು ಇವರ ಮುಂದಿಟ್ಟಳು. ಎಡಗೈಗೆ ವ್ಯಾಯಾಮವಾಗುತ್ತದಂತೆ. ಅವಳು ಅವಳ ಮನೆಯಿಂದ, ಇವರು ಇಲ್ಲಿಂದ, ಇಬ್ಬರೂ ಒಂದೇ ಊರಿನೊಳಗೆ ಓಡಾಡಬಹುದಂತೆ. ಒಬ್ಬರ ದನಿ ಇನ್ನೊಬ್ಬರಿಗೆ ಕೇಳುತ್ತದಂತೆ. ಜೀವಮಾನವಿಡೀ ತೇಗ ಕೊರೆದ ಮನುಷ್ಯನಿಗೆ ಇದನ್ನು ತಂದುಕೊಟ್ಟಿದ್ದಾಳಲ್ಲ ಎಂದು ನನಗೆ ಸಿಟ್ಟು ಬಂತು. ಇವರು ಮಾತ್ರ ಒಂದು ಮರದ ತುಂಡನ್ನು ಎತ್ತಿದರು, ಇಟ್ಟರು, ಕತ್ತು ಓರೆ ಮಾಡಿ ನೋಡಿದರು, ಮತ್ತೆ ತೆಗೆದರು. ಊಟಕ್ಕೆ ಎರಡು ಸಲ ಕರೆಯಬೇಕಾಯಿತು.

ಮಾರ್ಚ್ ೧೫, ಶನಿವಾರ

ಹೊಟ್ಟೆ ಉರಿಯಿತು. ನನಗೋಸ್ಕರ ಬರೆಯುವುದು ತಾನೇ, ಮುಚ್ಚುಮರೆ ಯಾಕೆ?

ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದೆ. ಹೊರಗಿನ ಕೋಣೆಯಿಂದ ಇವರ ದನಿ. "ಅಲ್ಲಿ... ಅಲ್ಲ. ಮೇ...ಲೆ ಇಡು." ಒರೆಸುವ ಬಟ್ಟೆ ಕೈಯಲ್ಲೇ ಉಳಿಯಿತು. ಪೂರಾ ಮಾತು, ನನಗಲ್ಲ, ಲ್ಯಾಪ್‌ಟಾಪಿನೊಳಗಿದ್ದ ತಂಗಿಗೆ. ಅವಳು "ಹೂಂ" ಅಂದಳು ಅಷ್ಟೆ, ಏನನ್ನೋ ಕಟ್ಟುತ್ತಾ. ನಾನು ಓಡಿಹೋಗಿ, "ಏನು ಮೇಲಿಡಬೇಕು? ಯಾವುದು? ಹೇಳಿ ಹೇಳಿ" ಅಂದೆ. ಇವರು ನನ್ನನ್ನು ನೋಡಿದರು, ಬಾಯಿ ಮುಚ್ಚಿಕೊಂಡರು. ಆಮೇಲೆ ಇಡೀ ಸಂಜೆ ಒಂದಕ್ಷರವಿಲ್ಲ.

ಮಾರ್ಚ್ ೧೬, ಭಾನುವಾರ

ನಾದಿನಿ ಇವತ್ತು ಖುದ್ದಾಗಿ ಬಂದಳು. ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದ ನನ್ನ ಹತ್ತಿರ ಬಂದು ಕ್ಲಿಪ್ಪುಗಳನ್ನು ಒಂದೊಂದಾಗಿ ಕೈಗೆ ಕೊಡುತ್ತಾ ಹೇಳಿದಳು.

"ಸಿಟ್ಟು ಮಾಡ್ಕೋಬೇಡಿ ಅತ್ತಿಗೆ. ಅಣ್ಣ ಇಲ್ಲಿ ಬಾಯೇ ಬಿಡ್ತಿಲ್ಲ. ನನ್ನ ಹತ್ರ ನಾಲ್ಕು ಮಾತಾದ್ರೂ ಆಡ್ತಾನೆ. ಮುಂದಿನ ತಿಂಗಳ ಕೊನೇಲಿ ನಮ್ಮ ಮಹಡಿ ರೂಮು ಖಾಲಿಯಾಗುತ್ತೆ. ಒಂದಾರು ತಿಂಗಳು ಕರ್ಕೊಂಡು ಹೋಗ್ತೀನಿ."

"ಅವರು ಬರಲ್ಲ," ಅಂದೆ.

"ಅವನನ್ನ ಕೇಳಿದ್ರಾ?"

"ಕೇಳೋದೇನು? ನನಗೆ ಗೊತ್ತು."

"ಅವನೇ ಹೇಳಲಿ. ರೂಮು ಖಾಲಿಯಾಗೋ ಹೊತ್ತಿಗೆ ಬಂದು ಕೇಳ್ತೀನಿ. ಬರಲ್ಲ ಅಂತ ಅವನ ಬಾಯಿಂದ ಬಂದ್ರೆ ಆ ವಿಷಯ ಮತ್ತೆ ಎತ್ತಲ್ಲ. ಸುಮ್ನೆ ಕೂತ್ರೆ ಮಾತ್ರ ಕರ್ಕೊಂಡು ಹೋಗೋಳೇ."

ಅವಳು ಕೆಟ್ಟವಳಲ್ಲ. ಅದೇ ಕಷ್ಟ. ಕೆಟ್ಟವಳಾಗಿದ್ದರೆ ಬೈದು ಕಳಿಸಬಹುದಿತ್ತು.

ಮಾರ್ಚ್ ೧೭, ಸೋಮವಾರ

ಮನೆಯಲ್ಲಿ ಇವರಿಲ್ಲದಿದ್ದರೆ ಹೇಗಿರುತ್ತದೆ ಎಂದು ಯೋಚಿಸಿದೆ. ಬರೆಯುವುದಿಲ್ಲ.

ಮಾರ್ಚ್ ೨೧, ಶುಕ್ರವಾರ

ನಾನೂ ಆಟದೊಳಕ್ಕೆ ಹೋದೆ! ನಾದಿನಿಯ ಹತ್ತಿರ ಇನ್ನೊಂದು ಲ್ಯಾಪ್‌ಟಾಪ್ ಕೇಳಿ ತರಿಸಿದ್ದೆ. "ಅತ್ತಿಗೆ, ನೀವಾ?" ಎಂದು ನಕ್ಕಳು. ನಗಲಿ. ಅವಳಿಗೆ ಮಾತ್ರ ಕೇಳುವ ದನಿ ನನಗೂ ಕೇಳಬೇಕು.

ಹೋದ ಕೂಡಲೇ ಒಂದು ಹಳ್ಳಕ್ಕೆ ಬಿದ್ದೆ. ಮೇಲೆ ಚೌಕಾಕಾರದ ಆಕಾಶ, ಚೌಕಾಕಾರದ ಮೋಡ ಮೆಲ್ಲಗೆ ಹೋಗುತ್ತಿತ್ತು. ಬೀಳುವಾಗ ನೋವೇನೂ ಆಗಲಿಲ್ಲ. ಇವರು ಬಂದು ಹಳ್ಳದ ಅಂಚಿನಲ್ಲಿ ನಿಂತು ನೋಡಿದರು, ಆಮೇಲೆ ಒಂದೊಂದೇ ಮೆಟ್ಟಿಲು ಕಟ್ಟಿ ನನ್ನನ್ನು ಹತ್ತಿಸಿದರು. ಅಲ್ಲಿ ಇವರಿಗೆ ಎರಡೂ ಕೈ ಒಂದೇ. ಕುಂಟುವುದೂ ಇಲ್ಲ. ನನಗಿಂತ ಮುಂದೆ ಮುಂದೆ ನಡೆಯುತ್ತಿದ್ದರು, ಬೆನ್ನು ನೆಟ್ಟಗೆ. ನೋಡುತ್ತಾ ನೋಡುತ್ತಾ ನಾನು ಹಿಂದೆ ಹಿಂದೆ ಹೋದೆ.

ಬೆಟ್ಟದ ಹಿಂದೆ ಒಂದು ರಂಗಮಂದಿರ ಕಟ್ಟಿದ್ದಾರೆ. ಮೆಟ್ಟಿಲು ಮೆಟ್ಟಿಲಾಗಿ ಕೂರುವ ಜಾಗ, ನಡುವೆ ಮರದ ರಂಗ, ಎರಡೂ ಬದಿಗೆ ದೀಪ. ನಾವು ಹೋದಾಗ ಅಲ್ಲಿ ಸೂರ್ಯ ಮುಳುಗುತ್ತಿದ್ದ. ನಮ್ಮ ಮನೆಯ ಕಿಟಕಿಯಾಚೆ ನಡು ಮಧ್ಯಾಹ್ನ, ತರಕಾರಿಯವನು ಕೂಗಿಕೊಂಡು ಹೋಗುತ್ತಿದ್ದ. ಒಳಗೆ ಕತ್ತಲಾಗಿ ಚೌಕ ಚಂದ್ರ ಮೇಲೆದ್ದ. ಖಾಲಿ ಸಭೆಯಲ್ಲಿ ನಾವಿಬ್ಬರೇ ಪಕ್ಕಪಕ್ಕದಲ್ಲಿ ನಿಂತಿದ್ದೆವು. ಯಾವುದು ನಿಜವಾದ ಹೊತ್ತು ಎಂದು ಒಂದು ಗಳಿಗೆ ಗೊತ್ತಾಗಲಿಲ್ಲ. ಗೊತ್ತಾಗಬೇಕೆಂದೂ ಅನ್ನಿಸಲಿಲ್ಲ.

ಮಾರ್ಚ್ ೨೮, ಶುಕ್ರವಾರ

ಇವರ ಮನಸ್ಸಿನಲ್ಲಿ ಏನಿದೆ ಎಂದು ನಾದಿನಿ ಬಿಡಿಸಿ ಹೇಳಿದಳು. ಲೀವರ್ ಎಳೆದರೆ ರಂಗದ ನೆಲ ಮೊದಲು ಒಂದು ಮೆಟ್ಟಿಲಷ್ಟು ಕೆಳಗಿಳಿಯಬೇಕು. ಆಮೇಲೆ ಎರಡು ಪಾಲಾಗಿ ಎಡಕ್ಕೂ ಬಲಕ್ಕೂ ಸರಿಯಬೇಕು. ನಡುವೆ ತೆರೆದ ಬಾಯಿಯಿಂದ ಒಂದು ಮನೆಯ ಮುಖ, ಬಾಗಿಲು ಮತ್ತು ಎರಡು ಕಿಟಕಿ ಸಮೇತ, ಮೇಲೆದ್ದು ಬರಬೇಕು. ತಳ್ಳುವುದಕ್ಕೂ ಎಳೆಯುವುದಕ್ಕೂ ಪಿಸ್ಟನ್‌ಗಳಿವೆ. ಅವುಗಳ ತುದಿಗೆ ಅಂಟು ಹಚ್ಚಿದರೆ ಮುಂದಿನ ತುಂಡನ್ನು ಹಿಡಿದು ವಾಪಸ್ ಎಳೆಯುತ್ತವೆ. ನಾನು ಅದಕ್ಕೆ ಅಂಟುಗೈ ಎಂದು ಹೆಸರಿಟ್ಟೆ.

ಲೀವರಿನಿಂದ ಪಿಸ್ಟನ್‌ಗೆ ಒಂದು ಕೆಂಪು ಗೆರೆ. ಸಿಗ್ನಲ್ ಅದರ ಮೇಲೆ ಕಣ್ಣು ಮಿಟುಕಿಸುವುದರೊಳಗೆ ಓಡುತ್ತದೆ. ಎಲ್ಲ ಪಿಸ್ಟನ್‌ಗಳಿಗೂ ಒಟ್ಟಿಗೇ ತಲುಪಿದರೆ ಒಂದಕ್ಕೊಂದು ಅಡ್ಡ ಬಂದು ಕೆಡುತ್ತದೆ. ಅದಕ್ಕೇ ನಡುವೆ ಚಿಕ್ಕ ಪೆಟ್ಟಿಗೆ ಇಡುವುದು. ಒಂದು ಸಲ ತಟ್ಟಿದರೆ ಸಿಗ್ನಲ್ ಅಲ್ಲಿ ಇನ್ನೊಂಚೂರು ಹೊತ್ತು ನಿಲ್ಲುತ್ತದೆ, ಇನ್ನೊಂದು ಸಲ ತಟ್ಟಿದರೆ ಮತ್ತಷ್ಟು. ಪೆಟ್ಟಿಗೆಗೆ ನಾಲ್ಕು ಹಂತ. ಅದರಾಚೆ ತಟ್ಟಿದರೆ ಮತ್ತೆ ಮೊದಲನೆಯದಕ್ಕೇ ಬರುತ್ತದೆ. ನಾದಿನಿ ಡಿಲೇ ಅನ್ನುತ್ತಾಳೆ. ನಾನು ನಿಧಾನದ ಪೆಟ್ಟಿಗೆ ಅನ್ನುತ್ತೇನೆ.

"ಪೆಟ್ಟಿಗೆಗಳನ್ನ ಅತ್ತಿಗೆಗೆ ಬಿಟ್ಟುಬಿಡು ಅಣ್ಣ, ನೀನು ಮರದ ಕೆಲಸ ನೋಡ್ಕೋ," ಅಂದಳು ನಾದಿನಿ.

ಸರಿ ಎಂದು ಎಲ್ಲವನ್ನೂ ಒಂದನೇ ಹಂತದಲ್ಲಿಟ್ಟೆ. ರಂಗದ ಮೇಲೆ ತಡವಾದರೆ ಜನ ಕೆಮ್ಮಲು ಶುರು ಮಾಡುತ್ತಾರೆ, ನನಗೆ ಗೊತ್ತಿಲ್ಲವೇ? ಲೀವರ್ ಎಳೆದೆ. ನೆಲ ಇಳಿಯುವ ಮೊದಲೇ ಬದಿಯ ಪಿಸ್ಟನ್‌ಗಳು ಗಾಳಿಯನ್ನು ಎಳೆದವು. ಕೆಳಗಿದ್ದ ಮನೆ ಮೇಲಕ್ಕೆ ಬಂದು ನೆಲಕ್ಕೆ ತಲೆ ಕೊಟ್ಟು ನಿಂತಿತು. ಬಾಗಿಲಿನ ಅರ್ಧ ಮಾತ್ರ ಕಾಣುತ್ತಿತ್ತು.

"ಬೇ...ಗ," ಅಂದರು ಇವರು.

"ಇನ್ನೂ ಬೇಗ ಆಗಬೇಕಾ? ಇದಕ್ಕಿಂತ ಕಡಿಮೆ ಇಲ್ಲವಲ್ಲ ರೀ?"

ಹಣೆಗೆ ಕೈ ಇಟ್ಟುಕೊಂಡರು.

ಏಪ್ರಿಲ್ ೩, ಗುರುವಾರ

ಬೆಳಗಿನಿಂದ ಒಂದು ತುಂಡಿನ ಜೊತೆ ಗುದ್ದಾಟ. ಅಂಟುಗೈ ಹೋಗುತ್ತದೆ, ತುಂಡನ್ನು ಮುಂದಕ್ಕೆ ತಳ್ಳುತ್ತದೆ, ಬರುವಾಗ ಬರಿಗೈಯಲ್ಲಿ ಬರುತ್ತದೆ. ತುಂಡು ಅಲ್ಲೇ ಅನಾಥ. ಅಂಟು ಹಚ್ಚಿಲ್ಲವೋ ಎಂದು ನೋಡಿದೆ, ಹಚ್ಚಿದೆ. ಕಿತ್ತು ಹೊಸದಿಟ್ಟೆ, ಅದೂ ಹಾಗೆಯೇ. "ದರಿದ್ರದ್ದು!" ಎಂದು ಲ್ಯಾಪ್‌ಟಾಪ್‌ಗೇ ಬೈದೆ.

ನಾದಿನಿಗೆ ಫೋನ್ ಮಾಡಿದೆ. ರೋಗಿಯೊಬ್ಬನ ಬಾಯಿ ತೆರೆಸಿಟ್ಟುಕೊಂಡೇ ಉತ್ತರ ಕೊಟ್ಟಳು ಅನ್ನಿಸುತ್ತದೆ. "ಸಿಗ್ನಲ್ ತೀರಾ ಚಿಕ್ಕದಾಯ್ತು ಅತ್ತಿಗೆ. ಮುಟ್ಟಿ ಬಿಟ್ಟ ಹಾಗೆ ಕೊಟ್ರೆ ಅದಕ್ಕೆ ಹಿಡಿಯೋಕೇ ಪುರುಸೊತ್ತಿರಲ್ಲ, ಬಿಟ್ಟು ಬಂದುಬಿಡುತ್ತೆ. ಸ್ವಲ್ಪ ಹೊತ್ತು ಒತ್ತಿ ಹಿಡಿದಿರೋ ಹಾಗೆ ಮಾಡಿ."

ಹಾಗೇ ಮಾಡಿದೆ. ಕೈ ಹೋಯಿತು, ನಿಂತಿತು, ತುಂಡನ್ನು ಹಿಡಿದು ಕರೆತಂದಿತು. ಇಷ್ಟೇನಾ! ಎಂದು ಹಣೆ ಚಚ್ಚಿಕೊಂಡೆ. ಇವರು ನಕ್ಕರು. ಕಾಯಿಲೆ ಬಿದ್ದಮೇಲೆ ಇವರು ನಕ್ಕ ಸದ್ದು ಇದೇ ಮೊದಲು. ಬಾಯಿ ಒಂದು ಕಡೆಗೆ ಓರೆಯಾಗುತ್ತದೆ, ಆದರೂ ಅದು ಇವರದೇ ನಗು. ನಾನೂ ನಕ್ಕೆ, ಆಮೇಲೆ ಅಡುಗೆಮನೆಗೆ ಹೋಗಿ ಸ್ವಲ್ಪ ಅತ್ತು ಬಂದೆ.

ಏಪ್ರಿಲ್ ೪, ಶುಕ್ರವಾರ

ಕನಸಿನಲ್ಲಿ ನಮ್ಮ ಮನೆಯ ನೆಲ ಮೆಲ್ಲಗೆ ಕೆಳಗಿಳಿದು ಬದಿಗೆ ಸರಿಯಿತು. ಕೆಳಗೆ ನೀರಿತ್ತು, ನೀರೊಳಗೆ ದೀಪ. ಯಾರೂ ಗಾಬರಿಯಾಗಲಿಲ್ಲ. ನಾನು ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದೆ, ಏನೋ ಮೇಲೆ ಬರುವುದಿತ್ತು. ಬರುವ ಮೊದಲೇ ಎಚ್ಚರವಾಯಿತು. ಬೇಸರವೇನೂ ಆಗಲಿಲ್ಲ.

ಏಪ್ರಿಲ್ ೧೨, ಶನಿವಾರ

ಇವತ್ತು ಇಡೀ ದಿನ ಆಟದಲ್ಲೇ ಕಳೆಯಿತು. ಸೋಮಾರಿತನಕ್ಕೂ ಒಂದು ಮಿತಿ ಬೇಕು.

ಪೆಟ್ಟಿಗೆಗಳನ್ನು ಒಂದೊಂದಾಗಿ ಸರಿಮಾಡುತ್ತಾ ಬಂದೆ. ನಾನು ತಟ್ಟುವುದು, ಇವರು ಲೀವರ್ ಎಳೆಯುವುದು, ಇಬ್ಬರೂ ನೋಡುವುದು. ಎಡಬದಿ ಬಲಬದಿಗಿಂತ ಕೂದಲೆಳೆಯಷ್ಟು ಮುಂದಿದೆ. ತಟ್ಟುವುದು, ನೋಡುವುದು. ಆಟದೊಳಗೆ ಹಗಲು ಕಳೆದು ಇರುಳಾಯಿತು, ಮತ್ತೆ ಹಗಲಾಯಿತು. ಒಮ್ಮೆ ಮಳೆಯೂ ಬಂತು. ಒದ್ದೆಯಾಗದ ಮಳೆ, ಸದ್ದು ಮಾತ್ರ. ನಾವಿಬ್ಬರೂ ರಂಗದ ಮೇಲೆ ನಿಂತೇ ಇದ್ದೆವು.

ಮಳೆಯ ಸದ್ದಿನಲ್ಲಿ ಇವರು ಹೇಳಿದರು: "ಮನೆ... ಬರೋ ಮೊದ್ಲು... ಸ್ವಲ್ಪ... ಖಾಲಿ ಇರಲಿ."

ನೆಲ ಸರಿದಮೇಲೆ ಮನೆ ತಕ್ಷಣ ಏಳಬಾರದಂತೆ. ಜನ ಆ ಕತ್ತಲೆ ಬಾಯಿಯನ್ನು ಒಂದು ಕ್ಷಣ ನೋಡಬೇಕಂತೆ. ನಾನು ಮೊದಲು ಹಾಗಂದುಕೊಂಡಿರಲಿಲ್ಲ. ಒಂದು ಪೆಟ್ಟಿಗೆ ಸಾಲದೆ ಇನ್ನೊಂದನ್ನೂ ಅದರ ಪಕ್ಕಕ್ಕೆ ಜೋಡಿಸಿ ಎರಡನ್ನೂ ನಾಲ್ಕನೇ ಹಂತಕ್ಕೆ ಇಟ್ಟೆ. ಲೀವರ್ ಎಳೆದರು. ನೆಲ ಇಳಿಯಿತು, ಸರಿಯಿತು. ಏನೂ ಇಲ್ಲ. ಆಮೇಲೆ ಮನೆ ಎದ್ದು ಬಂತು, ಕಿಟಕಿಯಲ್ಲಿ ದೀಪ ಉರಿಯುತ್ತಿತ್ತು.

ಇವತ್ತು ಮಾಡಿದ ಕಾಫಿಯೆಲ್ಲ ತಣ್ಣಗಾಗಿ ಹೋಯಿತು. ನಾಲ್ಕು ಸಲ ಬಿಸಿ ಮಾಡಿದೆ. ಇವರು ಏನಾದರೂ ಹೇಳಲು ಶುರು ಮಾಡಿದರೆ ಲೋಟ ಕೈಯಲ್ಲೇ ಉಳಿದುಬಿಡುತ್ತದೆ, ಏನು ಮಾಡುವುದು?

ಏಪ್ರಿಲ್ ೧೭, ಗುರುವಾರ

ನಾಟಕದ ತಾಲೀಮಿಗೆ ಕರೆ ಬಂದಿತ್ತು. ಪಕ್ಕದ ಮನೆಯಾಕೆಯನ್ನು ಇವರ ಹತ್ತಿರ ಕೂರಿಸಿ ಹೋಗಿದ್ದೆ. ಇಷ್ಟು ದಿನದ ಮೇಲೆ ಹೋದದ್ದು, ಒಂದು ಎಡವಟ್ಟು ಮಾಡಿಬಂದೆ.

ಕೊನೆಯ ದೃಶ್ಯದಲ್ಲಿ ಮುಖ್ಯ ನಟ ತಾಯಿಯ ಹೆಣದ ಮುಂದೆ ನಿಂತಿರುತ್ತಾನೆ. ಮಾತು ಮರೆತ. ನಾನು ಎತ್ತಿಕೊಡಬೇಕಿತ್ತು. ಕೊಡಲಿಲ್ಲ. ಪುಟ ಕಣ್ಣ ಮುಂದೆಯೇ ಇತ್ತು, ಆದರೂ ಅವನ ಮುಖ ನೋಡುತ್ತಾ ಕೂತುಬಿಟ್ಟೆ. ಬಹಳ ಹೊತ್ತಾದಮೇಲೆ ಅವನೇ ಹುಡುಕಿಕೊಂಡು ಹೇಳಿದ.

ಮುಗಿದಮೇಲೆ ಅವನು ಬಂದು, "ಪಿಸುಮಾತಕ್ಕ, ಇವತ್ತು ನನ್ನ ಕೈ ಬಿಟ್ಟುಬಿಟ್ರಲ್ಲ!" ಅಂದ.

"ಕ್ಷಮಿಸಪ್ಪ, ಎಲ್ಲೋ ಮನಸ್ಸು ಹೋಗಿತ್ತು."

"ಹಾಗಲ್ಲ ಅಕ್ಕ, ಚೆನ್ನಾಗಿತ್ತು. ನಾಳೆನೂ ಹಾಗೇ ಬಿಡಿ."

ನನ್ನ ಮನಸ್ಸು ನೋಯಬಾರದೆಂದು ಹಾಗಂದಿರಬೇಕು, ಪಾಪ. ವಯಸ್ಸಾಯಿತು, ಚುರುಕು ಕಡಿಮೆಯಾಗುತ್ತಿದೆ. ಹೀಗೇ ಆದರೆ ನನ್ನನ್ನು ಇಟ್ಟುಕೊಳ್ಳುವವರು ಯಾರು?

ಏಪ್ರಿಲ್ ೨೬, ಶನಿವಾರ

ನಾಳೆ ಬರುತ್ತಾಳೆ. ಇವರ ಅಂಗಿಗಳನ್ನು ಮಡಿಸಿ ಚೀಲಕ್ಕೆ ಹಾಕಿದೆ, ತೆಗೆದೆ. ಇವರು ಏನು ಹೇಳುತ್ತಾರೋ ನನಗೆ ಗೊತ್ತಿಲ್ಲ. ಮೊದಲೆಲ್ಲ ಗೊತ್ತಿರುತ್ತಿತ್ತು. ಹೋಗುತ್ತೇನೆ ಅಂದರೆ ಕಳಿಸಿಕೊಡಬೇಕು. ತಂಗಿಯ ಮನೆಯಲ್ಲಿ ಮಾತು ಬರುವುದಾದರೆ ಅಲ್ಲೇ ಬರಲಿ. ಹೀಗೆ ಬರೆಯುವುದೇನೋ ಸುಲಭ, ಚೀಲ ಮಾತ್ರ ಇನ್ನೂ ಖಾಲಿಯೇ ಇದೆ.

ಏಪ್ರಿಲ್ ೨೭, ಭಾನುವಾರ

ಊಟದ ಹೊತ್ತಿಗೆ ನಾದಿನಿ ಬಂದಳು. ಸಾಮಾನು ಹಿಡಿಸಲೆಂದು ಕಾರಿನ ಡಿಕ್ಕಿ ಖಾಲಿ ಮಾಡಿಕೊಂಡೇ ಬಂದಿದ್ದಳು. ಊಟವಾಯಿತು, ಕಾಫಿ ತಂದಿಟ್ಟೆ. ಕುರ್ಚಿಯನ್ನು ಇವರ ಎದುರಿಗೆ ಎಳೆದುಕೊಂಡಳು.

"ಅಣ್ಣ, ಕೇಳೇಬಿಡ್ತೀನಿ. ನಮ್ಮನೆಗೆ ಬರ್ತೀಯಾ? ಒಂದಾರು ತಿಂಗಳು. ಅತ್ತಿಗೆಗೆ ಬೇಜಾರಾಗುತ್ತೆ ಅಂತೆಲ್ಲ ನೋಡಬೇಡ. ನಿನಗೆ ಏನನ್ನಿಸುತ್ತೋ ಅದನ್ನ ಹೇಳು."

ಇವರು ಬಾಯಿ ತೆರೆದರು. "ನಾ..." ಅಂದು ನಿಂತರು.

ಮೇಲೆ ಫ್ಯಾನು ತಿರುಗುತ್ತಿತ್ತು. ಕಾಫಿಯ ಮೇಲೆ ಕೆನೆ ಕಟ್ಟಿತು. ಬೀದಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋದರು, ಅದರ ಸರಪಳಿಯ ಸದ್ದು ತಿರುವಿನ ತನಕ ಕೇಳಿತು. ಕಿಟಕಿಯ ಬಿಸಿಲು ನೆಲದ ಮೇಲೆ ಹಿಗ್ಗಿಕೊಂಡು ಕುರ್ಚಿಯ ಕಾಲನ್ನು ಮುಟ್ಟಿತು. ನಾದಿನಿ ಯಾಕೋ ಇವರನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ನಾನು ಇವರ ತುಟಿಯನ್ನು ನೋಡುತ್ತಿದ್ದೆ.

"ನಾನು... ಬರಲ್ಲ."

ಅಬ್ಬಾ! ಮುಗಿಯಿತೆಂದುಕೊಂಡು ನಾದಿನಿ ಏಳಲು ಹೊರಟಳು. ಇವರ ಮಾತು ಮುಗಿದಿರಲಿಲ್ಲ, ಉಸಿರೆಳೆದುಕೊಂಡ ಎದೆ ಇನ್ನೂ ಇಳಿದಿರಲಿಲ್ಲ. ಅವಳ ಮೊಣಕೈ ಹಿಡಿದು ಕೂರಿಸಿದೆ. ಕೂತಳು. ಕೂತೇ ಇದ್ದೆವು.

"ಇವಳ ಹತ್ರ..." ಅಂದರು ಇವರು. "ಜಗಳ... ಬಾಕಿ ಇದೆ."

ನಾದಿನಿ ಬಿದ್ದು ಬಿದ್ದು ನಕ್ಕಳು. ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ನನಗೆ ಮೈಯೆಲ್ಲ ಉರಿಯಿತು. ಅಲ್ಲ, ಸ್ನಾನ ಮಾಡಿಸಿದವಳು ನಾನು, ಊಟ ಮಾಡಿಸಿದವಳು ನಾನು, ಹಳ್ಳಕ್ಕೆ ಬಿದ್ದು ಆಟ ಕಲಿತವಳು ನಾನು, ನನ್ನ ಹತ್ತಿರ ಜಗಳ ಬಾಕಿ ಇದೆಯಂತೆ!

"ಆಡಿ, ಯಾರು ಬೇಡ ಅಂದ್ರು?" ಅಂದೆ.

ಎಡಗೈಯ ಒಂದು ಬೆರಳೆತ್ತಿದರು. "ಒಂದು... ಮೀಸೆ."

ಆಸ್ಪತ್ರೆಯಲ್ಲಿ ಕ್ಷೌರದವನು ಬಂದಿದ್ದಾಗ "ಮೀಸೆ ಇರ್ಲಾ, ತೆಗೀಲಾ?" ಎಂದು ಇವರನ್ನು ಕೇಳಿದನಂತೆ. ತೆಗೀರಿ ಎಂದು ನಾನು ಹೇಳಿಬಿಟ್ಟೆನಂತೆ. ಮದುವೆಗೆ ಮುಂಚಿನಿಂದ ಇದ್ದ ಮೀಸೆ. ಅದೇ ಕೈಯಿಂದ ಮುಖ ಮುಟ್ಟಿಕೊಂಡು ತೋರಿಸಿದರು. "ನನ್ನ... ಕೇಳಿದ್ದು. ನಿನ್ನ... ಅಲ್ಲ."

ನನ್ನ ಹತ್ತಿರ ಉತ್ತರವಿತ್ತು. ಮೂಗಿಗೆ ಹಾಕಿದ ಟ್ಯೂಬಿನ ಅಂಟುಪಟ್ಟಿ ಮೀಸೆಯಿಂದಾಗಿ ನಿಲ್ಲುತ್ತಿರಲಿಲ್ಲ, ಅದಕ್ಕೇ ತೆಗೆಸಿದ್ದು. ಹೇಳೋಣವೆಂದರೆ ಇವರದು ಇನ್ನೂ ಮುಗಿದಿರಲಿಲ್ಲ. ಕನ್ನಡಿಯ ವಿಷಯ ಬಂತು, ನೋಡಲು ಬಂದ ನೆಂಟರ ವಿಷಯ ಬಂತು. ಮೀಸೆಯೊಂದೇ ದೀಪ ಹಚ್ಚುವವರೆಗೂ ನಡೆಯಿತು. ಅಷ್ಟರಲ್ಲಿ ನಾದಿನಿ ನಮ್ಮಿಬ್ಬರಿಗೂ ಹೇಳದೆ ಎದ್ದು, ಖಾಲಿ ಡಿಕ್ಕಿಯ ಕಾರಿನಲ್ಲಿ ಹೊರಟುಹೋಗಿದ್ದಳು.

ನನ್ನ ಉತ್ತರ ಇನ್ನೂ ಹಾಗೇ ಇದೆ. ಅದನ್ನಿಲ್ಲಿ ವಿವರವಾಗಿ ಬರೆದಿಡೋಣವೆಂದು ಕೂತೆ, ಹೊರಗಿನ ಕೋಣೆಯಿಂದ ಆಗಲೇ "ಎ..." ಎಂದು ಕೇಳಿಸುತ್ತಿದೆ. ಎರಡನೆಯದು ಬರುತ್ತಿದೆ. ಹೋಗಿ ಕೂರುತ್ತೇನೆ.